ನೊರ್ಬರ್ಟ್ ಕೇಳಿದ ಕಡಲು

"ಹನಿಮೂನಾ ಮೇಡಂ?"

ದೋಹಾದ ಅಲ್ ಸದ್ದ್‌ನ ಆ ಟ್ರಾವೆಲ್ ಏಜೆನ್ಸಿಯಲ್ಲಿ ಮಾರಿಸ್ ಹನ್ನೆರಡು ವರ್ಷಗಳಿಂದ ಕೇಳುತ್ತ ಬಂದಿದ್ದ ಪ್ರಶ್ನೆ ಅದು. ಸೇಶೆಲ್ಸ್ ದ್ವೀಪಗಳ ಬ್ರೋಷರ್ ಕೈಗೆತ್ತಿಕೊಂಡವರನ್ನು ಬೇರೇನು ಕೇಳುವುದು? ಎದುರಿಗೆ ಕುಳಿತಿದ್ದವಳು ತಲೆಯೆತ್ತಿದಳು. ದೊಡ್ಡ ಕಣ್ಣುಗಳು. ಅವುಗಳ ಕೆಳಗೆ ತೆಳುವಾದ ಕಪ್ಪು.

"ಹೌದು. ಹಾಗೇ ಅಂದ್ಕೊಳ್ಳಿ."

"ಹೆಸರು?"

"ಸೆಲೆಸ್ಟಿನ್."

ಮಾರಿಸನ ಮುಖ ಅರಳಿತು. ತಕ್ಷಣ ಕೊಂಕಣಿಯಲ್ಲಿ ಊರು ಯಾವುದೆಂದು ಕೇಳಿದ. ಅವಳು ಎರಡೂ ಕೈ ಅಡ್ಡ ಹಿಡಿದು ನಕ್ಕಳು.

"ಬೇಡ ಬೇಡ, ಕನ್ನಡದಲ್ಲೇ ಮಾತಾಡಿ. ನಾನು ಬೆಳೆದದ್ದು ಭದ್ರಾವತೀಲಿ. ಅಪ್ಪ ಫ್ಯಾಕ್ಟರೀಲಿದ್ರು. ನನ್ನ ಕೊಂಕಣಿ ಕೇಳಿದ್ರೆ ಮಂಗಳೂರಿನವರು ಚರ್ಚಿಂದ ಆಚೆ ಹಾಕ್ತಾರೆ."

"ನಾನು ಶಿರ್ವದವ. ನಮ್ಮಲ್ಲಿ ಅಷ್ಟು ಕ್ರೂರಿಗಳು ಯಾರೂ ಇಲ್ಲ ಮಾರಾಯ್ರೆ."

ಅವಳು ಮತ್ತೆ ನಕ್ಕಳು. ಆ ನಗು ಮುಖದ ಮೇಲೆ ಬಂದು, ನಿಲ್ಲಲು ಜಾಗವಿಲ್ಲವೆಂಬಂತೆ ಹೊರಟುಹೋಯಿತು. ಮಾರಿಸ್‌ಗೆ ಅದನ್ನು ಇನ್ನೊಮ್ಮೆ ನೋಡಬೇಕೆನಿಸಿತು.

"ಹೇಳಿ, ಆ ದ್ವೀಪಗಳಲ್ಲಿ ಏನೇನು ಮಾಡಬಹುದು?" ಅವಳು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಳು. "ಜಿಗಿಯೋದು, ಹಾರೋದು ಅಂಥದ್ದೆಲ್ಲ ಬೇಡ. ಆರಾಮಾಗಿ, ಸುಮ್ಮನೆ ಇರೋ ಅಂಥದ್ದು."

ಮಾರಿಸ್ ಹೇಳತೊಡಗಿದ. ಮಾಹೆ ದ್ವೀಪದ ಬೋ ವಲ್ಲೋನ್ ತೀರದಲ್ಲಿ ಸೂರ್ಯ ಮುಳುಗುವುದನ್ನು ನೋಡುವುದು. ಅಲ್ಲಿಂದ ದೋಣಿಯಲ್ಲಿ ಪ್ರಲೇನ್. ಪ್ರಲೇನ್‌ನಿಂದ ಲಾ ಡೀಗ್ ಎಂಬ ಪುಟ್ಟ ದ್ವೀಪ. ಅಲ್ಲಿ ಕಾರುಗಳೇ ಅಪರೂಪ, ಎಲ್ಲರೂ ಸೈಕಲ್ಲಿನಲ್ಲಿ ಓಡಾಡುತ್ತಾರೆ. ಅವಳು ಒಂದೊಂದನ್ನೂ ಬರೆದುಕೊಂಡಳು. ಆದರೆ ಹೋಟೆಲ್ ಯಾವುದೆಂದು ಕೇಳಲಿಲ್ಲ. ತಾರೀಖು ಹೇಳಲಿಲ್ಲ. ಕೇಳಿದ ಪ್ರಶ್ನೆಗಳೇ ಬೇರೆ.

"ಆ ಮರಳು ಕಾಲಿಗೆ ಹೇಗಿರುತ್ತೆ? ನಮ್ಮ ಮಲ್ಪೆ ಮರಳಿನ ಥರಾನಾ?"

"ಹಿಟ್ಟಿನ ಹಾಗೆ ನುಣ್ಣಗೆ," ಎಂದ ಮಾರಿಸ್.

"ನೀವು ಹೋಗಿದ್ದೀರಾ?"

ಅವನು ಕೆಮ್ಮಿದ. ಪಕ್ಕದ ಟೇಬಲ್ಲಿನ ಶೈಮಾ ಕಂಪ್ಯೂಟರಿನಿಂದ ಕಣ್ಣೆತ್ತದೆಯೇ ಹೇಳಿದಳು: "ನೂರಾರು ಜೋಡಿಗಳನ್ನು ಕಳಿಸಿದ್ದಾರೆ ಮೇಡಂ. ಅವರು ಮಾತ್ರ ತಮ್ಮ ರೂಮಿರುವ ಮುಐದರ್ ಬಿಟ್ಟು ಎಲ್ಲಿಗೂ ಹೋದವರಲ್ಲ."

ಸೆಲೆಸ್ಟಿನ್ ನೋಟ್‌ಬುಕ್ ಮುಚ್ಚಿ ಅವನನ್ನು ಓರೆಗಣ್ಣಿನಿಂದ ನೋಡಿದಳು. "ಹಾಗಾದ್ರೆ ಹಿಟ್ಟು ಅಂದದ್ದು?"

"ಅಂದಾಜು," ಎಂದ ಮಾರಿಸ್. ಕಿವಿಯ ತುದಿಗಳು ಕೆಂಪಗಾಗಿದ್ದವು.

"ಮುಂದಿನ ಗುರುವಾರ ಬರ್ತೀನಿ. ಅಷ್ಟರಲ್ಲಿ ಸರಿಯಾಗಿ ತಿಳ್ಕೊಂಡಿರಿ."

*

ಅವಳು ಬಂದಳು. ಅದರ ಮುಂದಿನ ಗುರುವಾರವೂ ಬಂದಳು. ಅಲ್ ಮನ್ಸೂರಾದ ಒಂದು ಕ್ಲಿನಿಕ್ಕಿನಲ್ಲಿ ಅವಳು ಲ್ಯಾಬ್ ಟೆಕ್ನಿಷಿಯನ್. ಎರಡು ಗಂಟೆಗೆ ಡ್ಯೂಟಿ ಮುಗಿಸಿ, ಮೆಟ್ರೋ ಹಿಡಿದು ಎರಡೂವರೆಗೆ ಏಜೆನ್ಸಿಯ ಗಾಜಿನ ಬಾಗಿಲು ತಳ್ಳುತ್ತಿದ್ದಳು. ಮೂರೂಕಾಲಿಗೆ ಗಡಿಯಾರ ನೋಡಿ ಏಳುತ್ತಿದ್ದಳು.

ಆ ನಲವತ್ತೈದು ನಿಮಿಷಗಳಿಗಾಗಿ ಮಾರಿಸ್ ವಾರವಿಡೀ ಓದಿದ. ಹೋಗಿ ಬಂದ ಗ್ರಾಹಕರಿಗೆ ಫೋನ್ ಮಾಡಿ ಕೇಳಿದ. ಪ್ರಲೇನ್‌ನ ಕಾಡಿನಲ್ಲಿ ಬೆಳೆಯುವ ಜೋಡಿ ತೆಂಗಿನ ಮರಗಳ ಗರಿ ಎಷ್ಟು ದೊಡ್ಡದೆಂದರೆ, ಮಳೆ ಬಂದರೆ ಒಂದರ ಕೆಳಗೆ ಒಂದು ಸಂಸಾರವೇ ನಿಲ್ಲಬಹುದು ಎಂದ. ಅಲ್ಲಿಯವರು ದೀಗುಜ್ಜೆಯನ್ನು, ಅಂದರೆ ದೀವಿಹಲಸನ್ನು, ಕೆಂಡದಲ್ಲಿ ಸುಟ್ಟು ತಿನ್ನುತ್ತಾರೆ ಎಂದ.

"ದೀಗುಜ್ಜೆನಾ? ಅಷ್ಟು ದೂರ ಹೋಗಿ ದೀಗುಜ್ಜೆ ತಿನ್ನೋದಾ?"

"ಬಜ್ಜಿಯ ಹಾಗೆ ಕರಿದು ಪೋಡಿ ಮಾಡಲಿಕ್ಕೆ ಅವರಿಗೆ ಗೊತ್ತಿಲ್ಲ, ಪಾಪ. ನೀವು ಹೋಗಿ ಕಲಿಸಿ."

"ಕಲಿಸೋಣ. ನಮ್ಮವರಿಗೆ ಪೋಡಿ ಅಂದ್ರೆ ಪ್ರಾಣ."

ನಮ್ಮವರು. ಆ ಪದ ಬಂದಾಗಲೆಲ್ಲ ಮಾರಿಸ್‌ಗೆ ಎದೆಯಲ್ಲಿ ಸಣ್ಣ ಮುಳ್ಳು ಆಡುತ್ತಿತ್ತು. ಮೂವತ್ತೆಂಟು ವರ್ಷವಾಗಿತ್ತು ಅವನಿಗೆ. ಊರಲ್ಲಿ ಹೆಣ್ಣು ನೋಡುವವರೂ ಸೋತು ಸುಮ್ಮನಾಗಿದ್ದರು. ಇನ್ನೊಬ್ಬನ ಹೆಂಡತಿ ನಗಲೆಂದು ವಾರವೆಲ್ಲ ಕಾಯುವುದು ಸರಿಯಲ್ಲವೆಂದು ಅವನಿಗೂ ಗೊತ್ತಿತ್ತು.

"ಗುರುವಾರ ಮಾತ್ರ ಇಸ್ತ್ರಿ ಮಾಡಿದ ಶರ್ಟ್. ಏನು ವಿಷಯ ಸರ್?" ಎಂದು ಶೈಮಾ ಕಿಚಾಯಿಸಿದಳು.

"ಯಲ್ಲಾ, ನಿನ್ನ ಕೆಲಸ ನೋಡು," ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಆರನೆಯ ಗುರುವಾರ, ಮುಳ್ಳಿನ ನೋವಿಗೋ ಏನೋ, ಅವನು ನಗುತ್ತಲೇ ಹೇಳಿಬಿಟ್ಟ: "ನಿಮ್ಮವರು ಭಾರಿ ಸೋಮಾರಿ ಮಾರಾಯ್ರೆ. ಹೆಂಡತಿ ಇಷ್ಟು ಓಡಾಡ್ತಾರೆ, ಅವರು ಒಂದು ದಿನವೂ ಬರಲಿಲ್ಲ. ಆ ಮನುಷ್ಯ ಏಳುವುದೇ ಇಲ್ವಾ?"

ಸೆಲೆಸ್ಟಿನ್‌ಳ ಪೆನ್ನು ನಿಂತಿತು.

"ಇಲ್ಲ," ಎಂದಳು. "ಏಳಲ್ಲ."

ಶೈಮಾಳ ಕೀಬೋರ್ಡಿನ ಸದ್ದೂ ನಿಂತಿತು. ಸೆಲೆಸ್ಟಿನ್ ಮೇಜಿನ ಮೇಲಿನ ಬ್ರೋಷರನ್ನು ನೋಡುತ್ತ, ನಿಧಾನವಾಗಿ, ಯಾರದೋ ರಿಪೋರ್ಟ್ ಓದುವಂತೆ ಹೇಳಿದಳು. ಗಂಡನ ಹೆಸರು ನೊರ್ಬರ್ಟ್. ಮದುವೆಯಾಗಿ ಅವನು ಅವಳನ್ನು ದೋಹಾಕ್ಕೆ ಕರೆತಂದ ತಿಂಗಳು ಜನವರಿ. ಒಂದು ಬೆಳಿಗ್ಗೆ ದುಖಾನ್ ರಸ್ತೆಯಲ್ಲಿ ದಟ್ಟ ಮಂಜು. ಅವನ ಕಾರು ಮೂರು ಪಲ್ಟಿ ಹೊಡೆದಿತ್ತು. ಅಂದಿನಿಂದ ನಾಲ್ಕು ವರ್ಷ ಅವನು ಆಸ್ಪತ್ರೆಯ ಒಂದೇ ಹಾಸಿಗೆಯ ಮೇಲಿದ್ದಾನೆ. ಕಣ್ಣು ತೆರೆಯುತ್ತಾನೆ, ಉಸಿರಾಡುತ್ತಾನೆ. ಅಷ್ಟೇ.

"ಆ ಏಪ್ರಿಲ್‌ನಲ್ಲಿ ಸೇಶೆಲ್ಸ್‌ಗೆ ಹೋಗೋದಿತ್ತು. ಅವರೇ ಆಸೆಪಟ್ಟು ಎಲ್ಲ ಪ್ಲಾನ್ ಮಾಡಿದ್ರು. ಡಾಕ್ಟರ್ ಹೇಳ್ತಾರೆ, ಮಾತಾಡ್ತಾ ಇರಿ, ಕೇಳಿಸಬಹುದು ಅಂತ. ನಾನು ಏನು ಮಾತಾಡ್ಲಿ ಮಾರಿಸ್? ನಾವು ಗಂಡಹೆಂಡತಿಯಾಗಿ ಇದ್ದದ್ದು ನಲವತ್ತೇಳು ದಿನ. ನೆನಪುಗಳೆಲ್ಲ ಮೊದಲ ವರ್ಷಾನೇ ಖಾಲಿಯಾದವು. ಅದಕ್ಕೆ ಈಗ, ಕಳೆಯಬೇಕಾಗಿದ್ದ ದಿನಗಳ ಬಗ್ಗೆ ಮಾತಾಡ್ತೀನಿ."

ಮಾರಿಸ್ ಕುರ್ಚಿಯಿಂದ ಅರ್ಧ ಎದ್ದ. "ಕ್ಷಮಿಸಿ. ನಾನು ಒಬ್ಬ ಮೂರ್ಖ..."

"ಇಲ್ಲ. ನೀವು ಬೈದದ್ದು ಒಳ್ಳೇದೇ ಆಯ್ತು." ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. "ನಾಲ್ಕು ವರ್ಷದಲ್ಲಿ ಅವರನ್ನು ಯಾರೂ ಸೋಮಾರಿ ಅಂದಿರ್ಲಿಲ್ಲ. ಎಲ್ಲರೂ 'ಪಾಪ' ಅಂತಾರೆ. ಇವತ್ತು ಹೋಗಿ ಹೇಳ್ತೀನಿ, ಮಾರಿಸ್ ನಿಮ್ಮನ್ನು ಹೀಗಂದ್ರು ಅಂತ."

*

ಆ ತಿಂಗಳ ಕೊನೆಗೆ ಸೇಶೆಲ್ಸ್‌ನ ಒಂದು ಹೋಟೆಲಿನವರು ಏಜೆಂಟರನ್ನು ನಾಲ್ಕು ದಿನಕ್ಕೆ ಕರೆದರು. ಇಂಥ ಪ್ರವಾಸಗಳನ್ನು ಮಾರಿಸ್ ಯಾವಾಗಲೂ ಬೇರೆಯವರಿಗೆ ಬಿಟ್ಟುಕೊಡುತ್ತಿದ್ದ. ಜೋಡಿಗಳ ನಡುವೆ ಒಬ್ಬನೇ ಹೋಗಿ ಮಾಡುವುದೇನು ಎನ್ನುತ್ತಿದ್ದ. ಈ ಸಲ ತಾನೇ ಹೆಸರು ಕೊಟ್ಟ.

"ನಾನು ಹೋಗಿ ನೋಡಿ ಬರ್ತೇನೆ," ಎಂದ ಸೆಲೆಸ್ಟಿನ್‌ಗೆ. "ನೋಡುವುದು ಮಾತ್ರ ಅಲ್ಲ. ರೆಕಾರ್ಡ್ ಮಾಡಿ ತರ್ತೇನೆ, ನೊರ್ಬರ್ಟ್ ಕೇಳಲಿ."

ಅವಳು ಮೇಜಿನ ಮೇಲಿದ್ದ ಅವನ ಕೈಯನ್ನೇ ಕ್ಷಣಕಾಲ ನೋಡಿದಳು. ಮುಟ್ಟಲಿಲ್ಲ. ಆದರೂ ಆ ನೋಟ ಬಿದ್ದ ಜಾಗ ಸಂಜೆಯವರೆಗೂ ಬೆಚ್ಚಗಿತ್ತು.

ಬೋ ವಲ್ಲೋನ್ ತೀರದಲ್ಲಿ ಮಾರಿಸ್ ಬೂಟು ಬಿಚ್ಚಿ, ಪ್ಯಾಂಟು ಮಡಚಿ ನೀರಿಗಿಳಿದ. ಫೋನನ್ನು ಅಲೆಗಳ ಹತ್ತಿರ ಹಿಡಿದ. "ನೊರ್ಬರ್ಟ್, ನಾನು ಮಾರಿಸ್. ನಾವೀಗ ಮಾಹೆಯಲ್ಲಿದ್ದೇವೆ. ನೀರು ಬೆಚ್ಚಗೆ ಉಂಟು. ಮರಳು ಹಿಟ್ಟಿನ ಹಾಗೆಯೇ, ನನ್ನ ಅಂದಾಜು ಸುಳ್ಳಾಗಲಿಲ್ಲ." ಹತ್ತಿರದಲ್ಲಿದ್ದ ಫ್ರೆಂಚ್ ದಂಪತಿ ಅವನನ್ನು ವಿಚಿತ್ರವಾಗಿ ನೋಡಿದರು.

ಪ್ರಲೇನ್‌ನ ಕಾಡಿನಲ್ಲಿ ಗಾಳಿ ಬಂದಾಗ ಜೋಡಿ ತೆಂಗಿನ ಒಣ ಗರಿಗಳು ಒಂದಕ್ಕೊಂದು ಬಡಿದು, ಮುಚ್ಚಿದ ಮನೆಯ ಕಿಟಕಿಗಳೆಲ್ಲ ಒಟ್ಟಿಗೆ ತೆರೆದಂತೆ ಸದ್ದಾಯಿತು. ಎಲ್ಲೋ ಮೇಲೆ ಕಪ್ಪು ಗಿಳಿಯೊಂದು ಸಿಳ್ಳೆ ಹಾಕಿತು. ಮಾರಿಸ್ ಅರ್ಧ ಗಂಟೆ ಅಲ್ಲಾಡದೆ ನಿಂತು ಅದೆಲ್ಲವನ್ನೂ ಹಿಡಿದಿಟ್ಟ.

ದೋಣಿಯಲ್ಲಿ ಕ್ಯೂರಿಯಸ್ ದ್ವೀಪಕ್ಕೆ ಹೋದ. ಅಲ್ಲಿ ದೈತ್ಯ ಆಮೆಗಳು ದಾರಿಯಲ್ಲೇ ಮಲಗಿದ್ದವು. ಕುತ್ತಿಗೆಯ ಕೆಳಗೆ ಕೆರೆದರೆ ಅವು ಕಣ್ಣು ಮುಚ್ಚಿ ಕತ್ತು ಉದ್ದ ಮಾಡುತ್ತವೆ. "ಇದಕ್ಕೆ ನೂರು ವರ್ಷ ಆಗಿದೆಯಂತೆ ನೊರ್ಬರ್ಟ್. ನಿಮಗಿಂತ ಸೋಮಾರಿ. ಕೇಳಿ, ಎಲೆ ತಿನ್ನುವ ಸದ್ದು."

ಕೊನೆಯ ದಿನ ಲಾ ಡೀಗ್. ಬಾಡಿಗೆ ಸೈಕಲ್ಲು ಕಿರುಗುಟ್ಟುತ್ತಿತ್ತು. ವೆನಿಲ್ಲಾ ತೋಟದ ಮಗ್ಗುಲಲ್ಲಿ ಹಾದು, ಬೂದುಬಣ್ಣದ ದೊಡ್ಡ ಬಂಡೆಗಳ ನಡುವೆ ನುಸುಳಿ ಅವನು ತೀರಕ್ಕೆ ಬಂದ. ನೀರು ಮೊಣಕಾಲಷ್ಟೇ. ಬಂಡೆಗಳು ನೀರೊಳಗೆ ಮಲಗಿ ಮೈ ತಂಪು ಮಾಡಿಕೊಳ್ಳುತ್ತಿದ್ದವು. ಸೂರ್ಯ ಇಳಿಯುತ್ತಿದ್ದ. ಇಡೀ ತೀರದಲ್ಲಿ ಅವನು ಒಬ್ಬನೇ.

ಅವನು ರೆಕಾರ್ಡಿಂಗ್ ಒತ್ತಿ, ಮರಳಿನ ಮೇಲೆ ಮಲಗಿ ಫೋನನ್ನು ಎದೆಯ ಮೇಲಿಟ್ಟುಕೊಂಡ. ಅಲೆ ಬಂತು, ಹೋಯಿತು. ಎಷ್ಟು ಹೊತ್ತು ಕಳೆಯಿತೋ ತಿಳಿಯಲಿಲ್ಲ. ರೆಕಾರ್ಡಿಂಗ್ ನಡೆಯುತ್ತಿರುವುದೇ ಮರೆತುಹೋಗಿತ್ತು.

"ಸೆಲೆಸ್ಟಿನ್," ಎಂದ ಅವನು, ತನಗೆ ತಾನೇ. "ನೀವು ಇಲ್ಲಿರಬೇಕಿತ್ತು. ನನ್ನ ಜೊತೆ ಇರಬೇಕಿತ್ತು."

ಹೋಟೆಲಿಗೆ ಮರಳಿ ಎಲ್ಲ ರೆಕಾರ್ಡಿಂಗುಗಳನ್ನೂ ಅವಳಿಗೆ ಕಳಿಸಿದ. ಕೊನೆಯದನ್ನು ಕೇಳಿ ನೋಡಲಿಲ್ಲ.

*

ಮುಂದಿನ ಗುರುವಾರ ಅವಳು ಬರಲಿಲ್ಲ. ಅವಳಿಗೆಂದು ತಂದ ದಾಲ್ಚಿನ್ನಿ ಚಹಾ ಮೇಜಿನ ಡ್ರಾಯರಿನಲ್ಲೇ ಉಳಿಯಿತು. ಮೆಸೇಜಿಗೂ ಉತ್ತರವಿಲ್ಲ. ಎರಡನೆಯ ಗುರುವಾರವೂ ಎರಡೂವರೆಯಾಯಿತು, ಮೂರಾಯಿತು. ಶೈಮಾ ಮೆಲ್ಲನೆ ಕೇಳಿದಳು, "ಸರ್, ಆ ರೆಕಾರ್ಡಿಂಗಲ್ಲಿ ಏನಾದರೂ...?"

ಆಗ ಮಾರಿಸ್ ಇಯರ್‌ಫೋನ್ ಹಾಕಿಕೊಂಡು ಕೊನೆಯದನ್ನು ಕೇಳಿದ. ಹದಿನೇಳು ನಿಮಿಷ ಬರಿ ಕಡಲು. ಆಮೇಲೆ ತನ್ನದೇ ಧ್ವನಿ.

ಅವನು ಎದ್ದು ನೇರ, ಅವಳು ಒಮ್ಮೆ ಹೇಳಿದ್ದ ಆಸ್ಪತ್ರೆಗೆ ಹೋದ.

ಉದ್ದನೆಯ ಕಾರಿಡಾರ್. ಕೊನೆಯಿಂದ ಎರಡನೆಯ ಕೋಣೆ. ಸೆಲೆಸ್ಟಿನ್ ಗಂಡನ ಉಗುರು ಕತ್ತರಿಸುತ್ತಿದ್ದಳು. ಹಾಸಿಗೆಯ ಮೇಲಿದ್ದವನು ತುಂಬ ತೆಳ್ಳಗಿದ್ದ. ನೀಟಾಗಿ ಶೇವ್ ಮಾಡಿದ ಮುಖ, ಎಡಕ್ಕೆ ಬಾಚಿದ ತಲೆ. ತೆರೆದ ಕಣ್ಣುಗಳು ಕಿಟಕಿಯತ್ತ ನೆಟ್ಟಿದ್ದವು. ಇಷ್ಟು ದಿನ ಬರಿ ಹೆಸರಾಗಿದ್ದವನು ಒಬ್ಬ ಮನುಷ್ಯನಾಗಿ ಎದುರಿಗಿದ್ದದ್ದನ್ನು ಕಂಡು ಮಾರಿಸ್ ಬಾಗಿಲಲ್ಲೇ ನಿಂತ.

"ಬನ್ನಿ," ಎಂದಳು ಅವಳು, ಒಮ್ಮೆ ಕಣ್ಣೆತ್ತಿ ಮತ್ತೆ ಉಗುರಿನ ಕಡೆ ಬಗ್ಗಿ. "ನೊರ್ಬರ್ಟ್, ಮಾರಿಸ್ ಬಂದಿದ್ದಾರೆ."

ಮಾರಿಸ್ ಹಾಸಿಗೆಯ ಪಕ್ಕ ನಿಂತ. "ನೊರ್ಬರ್ಟ್," ಎಂದ, "ತಪ್ಪಾಯಿತು. ನನ್ನನ್ನು ಕ್ಷಮಿಸಿ."

"ಅವರ ಕಿವಿಯ ಹತ್ತಿರಾನೇ ಫೋನ್ ಇಟ್ಟಿದ್ದೆ," ಎಂದಳು ಸೆಲೆಸ್ಟಿನ್. "ಕಡಲಿನ ಸದ್ದಿಗೆ ಅವರ ಉಸಿರು ನಿಧಾನ ಆಗಿತ್ತು. ನರ್ಸ್ ಕೂಡ ಬಂದು ನೋಡಿದ್ರು. ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಆಮೇಲೆ ನಿಮ್ಮ ಮಾತು ಬಂತು. ನಾನು ಅವರ ಮುಖ ನೋಡಿದೆ. ಅವರಿಗೆ ಕೇಳಿಸ್ತೋ ಏನೋ ಅಂತ. ನಾಲ್ಕು ವರ್ಷದಲ್ಲಿ ಮೊದಲನೇ ಸಲ, ಅವರಿಗೆ ಕೇಳಿಸದೆ ಇರಲಿ ದೇವರೇ ಅಂದ್ಕೊಂಡೆ."

ಅವಳು ಉಗುರುಕತ್ತರಿಯನ್ನು ಹಾಸಿಗೆಯ ಅಂಚಿನಲ್ಲಿಟ್ಟಳು.

"ಇನ್ನು ಕಳಿಸುವುದಿಲ್ಲ. ನಿಮ್ಮ ಎದುರಿಗೂ ಬರುವುದಿಲ್ಲ," ಎಂದ ಮಾರಿಸ್.

"ತಪ್ಪು ನಿಮ್ಮದು ಮಾತ್ರ ಅಂದ್ಕೊಂಡ್ರಾ?" ಅವಳು ಈಗ ನೇರ ಅವನನ್ನು ನೋಡಿದಳು. ಆ ದೊಡ್ಡ ಕಣ್ಣುಗಳಲ್ಲಿ ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಆ ಮಾತನ್ನ ನಾನು ಇನ್ನೊಂದು ಸಲ ಕೇಳಿದೆ. ಮನೆಗೆ ಹೋಗಿ, ಒಬ್ಬಳೇ. ಮೊದಮೊದಲು ಗುರುವಾರ ಅವರಿಗೋಸ್ಕರ ಬರ್ತಿದ್ದೆ. ಆಮೇಲೆ ನನಗೋಸ್ಕರ ಬರೋಕೆ ಶುರುಮಾಡಿದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರ್ತಿದ್ದೆ."

ಹಾಸಿಗೆಯ ಈ ಬದಿ ಅವನು, ಆ ಬದಿ ಅವಳು. ನಡುವೆ ನೊರ್ಬರ್ಟ್ ಕಿಟಕಿಯನ್ನು ನೋಡುತ್ತಿದ್ದ. ಮಾರಿಸ್‌ಗೆ ಕೈ ಚಾಚಿದರೆ ಅವಳ ಕೆನ್ನೆ ಸಿಗುತ್ತಿತ್ತು. ಅವನು ಚಾಚಲಿಲ್ಲ. ಬದಲಿಗೆ ಸ್ಟೂಲ್ ಎಳೆದು ಕುಳಿತು, ನೊರ್ಬರ್ಟನ ಕಿವಿಯ ಹತ್ತಿರ ಬಗ್ಗಿ, ಆಮೆಯ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ಕುತ್ತಿಗೆ ಕೆರೆಯಲು ಹೋಗಿ ತಾನು ಬಿದ್ದದ್ದು, ಗೈಡ್ ನಕ್ಕದ್ದು. ಸೆಲೆಸ್ಟಿನ್ ಮುಖ ಮುಚ್ಚಿಕೊಂಡು ಅತ್ತಳು. ಅಳುವಿನ ನಡುವೆ ಒಮ್ಮೆ ನಕ್ಕಳು.

ಆ ಮೇಲೆ ಒಂದು ತಿಂಗಳು ಅವನು ಪ್ರತಿ ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಚರ್ಚ್ ಮುಗಿಸಿ ಆಸ್ಪತ್ರೆಗೆ ಹೋದ. ಒಂದು ಗಂಟೆ ನೊರ್ಬರ್ಟನ ಬಳಿ ಕುಳಿತು ದ್ವೀಪಗಳ ಬಗ್ಗೆ ಹೇಳಿದ. ಅವಳು ಅಷ್ಟು ಹೊತ್ತು ಹೊರಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಇಬ್ಬರೂ ಕಾರಿಡಾರಿನಲ್ಲಿ ಎದುರಾದಾಗ "ಊಟ ಆಯ್ತಾ?" ಎಂದಷ್ಟೇ ಕೇಳಿಕೊಳ್ಳುತ್ತಿದ್ದರು. ಆ ಎರಡು ಪದಗಳನ್ನು ಎಷ್ಟು ನಿಧಾನವಾಗಿ ಆಡಬಹುದೆಂದು ಮಾರಿಸ್‌ಗೆ ಆಗಲೇ ತಿಳಿದದ್ದು.

*

ಐದನೆಯ ಶುಕ್ರವಾರ ಅವಳು ಬೆಂಚಿನ ಮೇಲೆ ಕೂರದೆ ಕಿಟಕಿಯ ಬಳಿ ನಿಂತಿದ್ದಳು.

"ನೊರ್ಬರ್ಟನ್ನ ಊರಿಗೆ ಕರ್ಕೊಂಡು ಹೋಗ್ತಾ ಇದ್ದೀನಿ. ಅವರ ಅಣ್ಣ ಎಲ್ಲ ವ್ಯವಸ್ಥೆ ಮಾಡಿದ್ದಾರೆ. ಮಂಗಳೂರಿನ ಕುಲಶೇಖರದಲ್ಲಿ ಅವರಮ್ಮ ಕಾಯ್ತಿದ್ದಾರೆ. ಮಗನ ತಲೆ ನೇವರಿಸಬೇಕಂತೆ."

"ಯಾವಾಗ?"

"ಬುಧವಾರ ಬೆಳಿಗ್ಗೆ."

ಮಾರಿಸ್ ತಲೆಯಾಡಿಸಿದ. "ನಾನು ಕಾಯ್ತೇನೆ ಸೆಲೆಸ್ಟಿನ್. ಎಷ್ಟು ವರ್ಷ ಆದರೂ."

"ಏನಕ್ಕೆ ಕಾಯ್ತೀರಿ ಮಾರಿಸ್?" ಅವಳು ಮೆಲ್ಲನೆ ಕೇಳಿದಳು. "ಅವರು ಸಾಯಲಿ ಅಂತಾನಾ?"

ತಾನು ಹಾಗೆ ಯೋಚಿಸಿರಲಿಲ್ಲ ಎಂದುಕೊಂಡ. ಆದರೆ ಕಾಯುವುದೆಂದರೆ ಬೇರೇನು?

"ನೋಡಿ, ನಮ್ಮಿಬ್ಬರಿಗೂ ಅದು ಆಗಲ್ಲ," ಎಂದಳು. "ನೀವು ಅವರ ಪಕ್ಕ ಕೂತು ಆ ಆಮೆ ಕಥೆ ಹೇಳಿದ ಮೇಲೆ, ಖಂಡಿತ ಆಗಲ್ಲ."

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಆಂಬುಲೆನ್ಸ್ ಬಂತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸ್ಟ್ರೆಚರ್ ಒಳಗೆ ಹೋಗುವ ಮುನ್ನ ಮಾರಿಸ್ ಬಗ್ಗಿ ನೊರ್ಬರ್ಟನ ಹೆಗಲು ಮುಟ್ಟಿದ. "ಹೋಗಿ ಬನ್ನಿ. ಅಮ್ಮ ಕಾಯ್ತಾ ಇದ್ದಾರೆ."

ಸೆಲೆಸ್ಟಿನ್ ಒಂದು ಹೆಜ್ಜೆ ಹತ್ತಿರ ಬಂದಳು. ಬೆಳಕಿಗೆ ಅವಳ ಕಣ್ಣುಗಳು ಕಿರಿದಾಗಿದ್ದವು.

"ನಾನು ನಿಮ್ಮನ್ನು ಪ್ರೀತಿಸ್ತೀನಿ ಮಾರಿಸ್. ಇದನ್ನ ಹೇಳದೆ ಹೋದ್ರೆ ಸುಳ್ಳು ಹೇಳಿದ ಹಾಗೆ. ಹೇಳಿದ ಮೇಲೆ ಇಲ್ಲೇ ಇದ್ರೆ, ಅವರಿಗೆ ಕೊಟ್ಟ ಮಾತು ಸುಳ್ಳಾಗುತ್ತೆ."

"ಗೊತ್ತು."

"ಫೋನ್ ಮಾಡಬೇಡಿ."

"ಮಾಡುವುದಿಲ್ಲ."

ಅವಳು ಕೈ ಎತ್ತಿ ಅವನ ಕೆನ್ನೆಯನ್ನು ಒಮ್ಮೆ, ಒಂದೇ ಒಮ್ಮೆ ಮುಟ್ಟಿದಳು. ಆಮೇಲೆ ಆಂಬುಲೆನ್ಸ್ ಹತ್ತಿ, ಹಿಂದಿನ ಬಾಗಿಲು ಮುಚ್ಚುವಾಗ ಗಂಡನ ಕೈಯನ್ನು ತನ್ನೆರಡೂ ಕೈಗಳಲ್ಲಿ ತೆಗೆದುಕೊಂಡಳು. ಗಾಡಿ ಗೇಟು ದಾಟಿ, ತಿರುವಿನಲ್ಲಿ ಮರೆಯಾಗುವವರೆಗೂ ಮಾರಿಸ್ ನಿಂತೇ ಇದ್ದ. ಸೆಕ್ಯುರಿಟಿಯವನು ಬಂದು, "ಖಲಾಸ್ ಭಾಯ್, ಇಲ್ಲಿ ನಿಲ್ಲುವ ಹಾಗಿಲ್ಲ," ಎಂದು ಹಿಂದಿಯಲ್ಲಿ ಹೇಳಿದಾಗಲೇ ಅವನಿಗೆ ಕಾಲುಗಳ ನೆನಪಾದದ್ದು.

*

ಅವನು ಮಾತು ಉಳಿಸಿಕೊಂಡ. ಚಳಿ ಬಂತು, ಹೋಯಿತು. ಈಸ್ಟರ್ ಮುಗಿಯಿತು.

ಮೇ ತಿಂಗಳ ಒಂದು ಮಧ್ಯಾಹ್ನ ಮಾರಿಸ್ ಹೊಸ ಗ್ರಾಹಕರೊಬ್ಬರ ವೀಸಾ ಕಾಗದಗಳನ್ನು ನೋಡುತ್ತಿದ್ದಾಗ ಫೋನ್ ಮಿನುಗಿತು. ಅವಳ ಹೆಸರು. ಒಂದು ವಾಯ್ಸ್ ಮೆಸೇಜ್.

ಅವನು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿದ.

"ಮಾರಿಸ್..." ಅವಳು ಅಳುತ್ತಿದ್ದಳು, ನಗುತ್ತಿದ್ದಳು, ಎರಡೂ ಕಲೆತುಹೋಗಿತ್ತು. "ನಾನೇ ಬೇಡ ಅಂದಿದ್ದೆ. ಆದ್ರೆ ಇದನ್ನ ಹೇಳದೆ ಇರೋಕೆ ಆಗ್ಲಿಲ್ಲ. ಇವತ್ತು ಬೆಳಿಗ್ಗೆ ಅವರು ನನ್ನ ಬೆರಳು ಹಿಡಿದ್ರು. ತಾನಾಗೇ ಅಲ್ಲ, ನಾನು 'ಹಿಡೀರಿ' ಅಂದದ್ದಕ್ಕೆ ಹಿಡಿದ್ರು. ಮೂರು ಸಲ. ಡಾಕ್ಟರೂ ನೋಡಿದ್ರು. ಅತ್ತೆ ಕೋಣೇಲಿ ಕುಣೀತಿದ್ದಾರೆ. ಅವರಿಗೆ ಕೇಳಿಸುತ್ತೆ ಮಾರಿಸ್. ನಾವು ಹೇಳಿದ್ದೆಲ್ಲ ಕೇಳಿಸಿರುತ್ತೆ."

ಮಾರಿಸ್ ಗೋಡೆಗೆ ಒರಗಿದ. ಆ ತೆಳ್ಳಗಿನ ಬೆರಳುಗಳು ಮಡಚುವುದನ್ನು ಕಣ್ಣೆದುರು ಕಂಡ. ಅವನಿಗೆ ಸಂತೋಷವಾಯಿತು. ನಿಜವಾದ ಸಂತೋಷ. ಅದು ಎದೆಯೊಳಗೆ ಏಳುತ್ತಿದ್ದಂತೆಯೇ, ಇಷ್ಟು ದಿನ ತನಗೇ ಗೊತ್ತಿಲ್ಲದಂತೆ ಉರಿಯುತ್ತಿದ್ದ ಒಂದು ಸಣ್ಣ ದೀಪ ಆರಿಹೋಯಿತು. ತಾನು ಕಾಯುತ್ತಲೇ ಇದ್ದೆನೆಂದು ಅವನಿಗೆ ತಿಳಿದದ್ದು ಆಗಲೇ.

ಶೈಮಾ ಬಾಗಿಲು ತಟ್ಟಿದಳು. "ಸರ್, ಎಲ್ಲ ಸರಿ ಉಂಟಾ?"

"ಉಂಟು," ಎಂದ. "ಒಬ್ಬ ಫ್ರೆಂಡ್ ಹುಷಾರಾಗ್ತಾ ಇದ್ದಾನೆ."

ಹೇಳಿದ ಮೇಲೆ ಅವನು ಅತ್ತ. ಕೈಯನ್ನು ಬಾಯಿಗೆ ಒತ್ತಿಕೊಂಡು, ಸದ್ದಾಗದಂತೆ.

ಆಮೇಲೆ ಫೋನ್ ತೆಗೆದು ಏನೇನೋ ಬರೆದ. ಅಳಿಸಿದ. ದೊಡ್ಡದಾಗಿ ಬರೆದ, ಅದನ್ನೂ ಅಳಿಸಿದ. ಕೊನೆಗೆ ಎರಡೇ ಪದ ಕಳಿಸಿದ.

"ಕೈ ಬಿಡಬೇಡಿ."

ಅವಳು ಓದಿದಳು. ಬರೆಯುತ್ತಿದ್ದಾಳೆಂಬ ಗುರುತು ಪರದೆಯ ಮೇಲೆ ಬಂತು, ನಿಂತಿತು, ಮತ್ತೆ ಬಂತು. ಮಾರಿಸ್ ಉತ್ತರಕ್ಕಾಗಿ ಕಾಯಲಿಲ್ಲ. ಫೋನನ್ನು ಮೇಜಿನ ಮೇಲೆ ಕವುಚಿಟ್ಟು, ಮುಖ ತೊಳೆದುಕೊಂಡು, ಕಾಯುತ್ತಿದ್ದ ಗ್ರಾಹಕರ ಬಳಿಗೆ ಹೋದ.